ಊರು ಬಿಟ್ಟು ಬಂದ ಅಪ್ಪನ ಹಠ

ಅಪ್ಪ ಹಾಸನದ ನಮ್ಮ ಮನೆಗೆ ಬಂದು ಎರಡು ತಿಂಗಳಾದರೂ ಬ್ಯಾಗು ಬಿಚ್ಚಿರಲಿಲ್ಲ. ಅವರಿಗೆ ಅಂತಲೇ ಒಂದು ಬೀರು ಖಾಲಿ ಮಾಡಿ ಕೊಟ್ಟಿದ್ದೆ. ಅದರಲ್ಲಿ ಒಂದು ಟವೆಲ್ ಕೂಡ ಇಟ್ಟಿರಲಿಲ್ಲ. ಬೆಳಿಗ್ಗೆ ಸ್ನಾನ ಆದ ಮೇಲೆ ಮಂಚದ ಕೆಳಗಿಂದ ಬ್ಯಾಗು ಎಳೆದು, ಒಂದು ಪಂಚೆ, ಒಂದು ಬನಿಯನ್ ತೆಗೆದು, ಜಿಪ್ ಹಾಕಿ ಮತ್ತೆ ಒಳಗೆ ತಳ್ಳುತ್ತಿದ್ದರು. ಒಗೆದ ಬಟ್ಟೆ ಒಣಗಿದರೆ ಮಡಚಿ ಅದೇ ಬ್ಯಾಗಿಗೆ. ದಿಂಬಿನ ಕೆಳಗೆ ಬ್ಯಾಟರಿ. ಕರೆಂಟು ಹೋದರೂ ಇಲ್ಲಿ ಲೈಟು ಉರಿಯುತ್ತೆ ಅಪ್ಪ ಅಂದರೂ ಬ್ಯಾಟರಿ ಅಲ್ಲೇ.

ಸಕಲೇಶಪುರದ ಕಡೆ ನಮ್ಮದು ಮೂರು ಎಕರೆ ಕಾಫಿ ತೋಟ. ಅಮ್ಮ ಹೋದ ಮೇಲೆ ಅಪ್ಪ ಎರಡು ವರ್ಷ ಒಬ್ಬರೇ ಇದ್ದರು. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ತಮ್ಮನಿಗೆ ಬೆಂಗಳೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ. ಹಾಗಾಗಿ ಅಪ್ಪ ಮಗಳಾದ ನನ್ನ ಹತ್ತಿರ ಬಂದರು. ಎಪ್ಪತ್ತೆಂಟು ವರ್ಷ. ಸ್ನಾನಕ್ಕೆ ಗೀಸರ್ ನೀರು ಬೇಡ, ಮೈಗೆ ಹತ್ತಲ್ಲ. ಮಾತ್ರೆ ಬೇಡ. ಕೈಗೆ ಕೋಲು ಬೇಡ. "ಯಾವಾಗ ಊರಿಗೆ ಬಿಡ್ತೀಯ ಮಗ?" ಅನ್ನುವುದು ದಿನಕ್ಕೊಂದು ಸಲ ಗ್ಯಾರಂಟಿ.

ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು: ಅರವತ್ತಕ್ಕೆ ಅರಳು ಮರಳು. ವಯಸ್ಸಾದವರು ಮಕ್ಕಳ ಹಾಗೆ, ನಾವೇ ಅನುಸರಿಸಿಕೊಂಡು ಹೋಗಬೇಕು. ಸಮಾಧಾನಕ್ಕೆ ಹೇಳುವ ಮಾತು, ಸರಿ. ಆದರೆ ಈ ಮಾತು ಎಷ್ಟೋ ಮನೆಗಳಲ್ಲಿ ಎಷ್ಟು ಹಾನಿ ಮಾಡುತ್ತಿದೆ ಅಂತ ನನಗೆ ಈಗ ಗೊತ್ತಾಗಿದೆ. 'ಹಠ' ಅನ್ನುವ ಒಂದೇ ಪದದ ಕೆಳಗೆ ನಾವು ನಾಲ್ಕೈದು ಬೇರೆ ಬೇರೆ ವಿಷಯಗಳನ್ನು ಗುಡ್ಡೆ ಹಾಕಿರುತ್ತೇವೆ. ಒಂದು ಕಿವಿಗೆ ಸೇರಿದ್ದು, ಒಂದು ರಕ್ತದಲ್ಲಿರುವ ಉಪ್ಪಿಗೆ, ಇನ್ನೊಂದು ಮರ್ಯಾದೆಗೆ. ಬಿಡಿಸಿ ನೋಡಿದರೆ ಹೆಚ್ಚಿನವಕ್ಕೆ ಏನಾದರೂ ದಾರಿ ಇದೆ. ಗುಡ್ಡೆಯಾಗಿ ನೋಡಿದರೆ ಜಗಳ ಬಿಟ್ಟು ಬೇರೇನೂ ಕಾಣುವುದಿಲ್ಲ.

ಮೊದಲು ಕಿವಿ. ಯಾಕೆಂದರೆ ನಮ್ಮ ಮನೆಯ ಅರ್ಧ ಜಗಳ ಅಲ್ಲೇ ಇತ್ತು.

ಒಂದು ದಿನ ಅವರೆಕಾಳಿನ ಸಾರು ಮಾಡಿದ್ದೆ. ಅಪ್ಪನಿಗೆ ಪ್ರಾಣ. ಮುದ್ದೆಗೆ ಒಂದು ಸೌಟು ಸಾರು ಬಿಟ್ಟು "ಸಾಕಾ?" ಅಂದೆ. "ಹೂಂ" ಅಂದರು. ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಅರ್ಧ ಮುದ್ದೆ ಬಿಟ್ಟು ಕೈ ತೊಳೆದಿದ್ದರು. ಮುಖ ಬಿಗಿದಿತ್ತು. ರಾತ್ರಿಯೆಲ್ಲ ಮಾತಿಲ್ಲ. ಮೂರು ದಿನ ಬಿಟ್ಟು ನಮ್ಮ ಯಜಮಾನರ ಹತ್ತಿರ ಹೇಳಿದರಂತೆ, "ಹಾಕ್ಲಾ ಅಂತ ಕೇಳ್ತಾಳೆ, ಹೂಂ ಅಂದ್ರೆ ಎತ್ಕೊಂಡು ಹೋಗ್ತಾಳೆ." ನಾನು ಸಾಕಾ ಅಂದಿದ್ದು ಅವರಿಗೆ ಹಾಕ್ಲಾ ಅಂತ ಕೇಳಿತ್ತು.

ವಯಸ್ಸಾದಂತೆ ಒಳಕಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೆಳ್ಳನೆಯ, ಕೀಚಲು ದನಿ ಹಿಡಿಯುವ ಕೋಶಗಳು. ಸ, ಶ, ಚ, ತ, ಕ ಥರದ ಅಕ್ಷರಗಳ ಗುರುತು ಸಿಗುವುದು ಆ ತೆಳ್ಳನೆಯ ದನಿಯಲ್ಲೇ. ಆ, ಓ, ಊ ಥರದ ಸ್ವರಗಳು ದಪ್ಪ ದನಿಯವು. ಅವು ಚೆನ್ನಾಗಿಯೇ ಕೇಳುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನು ಮಾತಾಡಿದರು ಅನ್ನುವುದು ಗೊತ್ತಾಗುವುದಿಲ್ಲ. ಸಾಕು, ಚಾಕು, ಹಾಕು ಮೂರೂ ಒಂದೇ. ಹೆಂಗಸರ ಮತ್ತು ಮಕ್ಕಳ ದನಿ ತೆಳ್ಳಗೆ ಇರುವುದರಿಂದ ಅದು ಇನ್ನೂ ಕಷ್ಟ. ಅಳಿಯನ ಮಾತು ಕೇಳಿಸುತ್ತದೆ, ಮಗಳದ್ದು ಕೇಳಿಸುವುದಿಲ್ಲ. "ಅವರು ಹೇಳಿದ್ರೆ ಕೇಳ್ತೀರಾ, ನಾನು ಹೇಳಿದ್ರೆ ಇಲ್ಲ ಅಲ್ವಾ?" ಅಂತ ನಾನು ಎಷ್ಟು ಸಲ ಅತ್ತಿದ್ದೇನೆ. ಅದರಲ್ಲಿ ಅಪ್ಪನ ತಪ್ಪು ಏನೂ ಇರಲಿಲ್ಲ.

ಕಿವಿ ಕೇಳದವರಿಗೆ ಅದು ತಮಗೇ ತಿಳಿಯುವುದು ನಿಧಾನ. ಬೇರೆಯವರು ಪಿಸುಗುಟ್ಟುತ್ತಿದ್ದಾರೆ, ತಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ ಅಂತ ಅನಿಸಲು ಶುರುವಾಗುತ್ತದೆ. ನಾವು ಇದಕ್ಕೆ ಅನುಮಾನದ ಬುದ್ಧಿ ಅಂತ ಹೆಸರಿಡುತ್ತೇವೆ. ನಾವು ಕಿರುಚಿದರೆ ಏರುವುದು ದಪ್ಪ ದನಿಯ ಸ್ವರಗಳೇ, ಬೇಕಾದ ಅಕ್ಷರ ಸ್ಪಷ್ಟವಾಗುವುದಿಲ್ಲ. ಕೇಳುವವರಿಗೆ ಬೈದ ಹಾಗೆ ಆಗುತ್ತದೆ ಅಷ್ಟೆ. ಎದುರು ಕೂತು, ಮುಖ ಕಾಣುವ ಹಾಗೆ, ಮಿಕ್ಸಿ, ಫ್ಯಾನು, ಟೀವಿ ನಿಲ್ಲಿಸಿ, ನಿಧಾನವಾಗಿ ಹೇಳಬೇಕು. ಒಂದು ಪದ ಅರ್ಥವಾಗದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳುವ ಬದಲು ಬೇರೆ ಪದ ಹಾಕಿ ಹೇಳಬೇಕು. ನಾನು ಈಗ 'ಸಾಕಾ' ಅನ್ನುವುದಿಲ್ಲ, 'ಇನ್ನೊಂದು ಸೌಟು ಬೇಕಾ' ಅನ್ನುತ್ತೇನೆ.

ಕಿವಿ ಡಾಕ್ಟರಿಗೆ ತೋರಿಸಿದರೆ ಮೊದಲು ಗುಗ್ಗೆ ಕಟ್ಟಿದೆಯಾ ಅಂತ ನೋಡುತ್ತಾರೆ. ಕೆಲವರಿಗೆ ಅದನ್ನು ತೆಗೆದರೇ ಎಷ್ಟೋ ಸರಿಹೋಗುತ್ತದೆ. ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇದಕ್ಕೆಂದೇ ಇರುವ ಸರ್ಕಾರಿ ಸಂಸ್ಥೆ. ಹಾಸನದಿಂದ ಹೋಗಿ ಬರಬಹುದಾದ ದೂರ. ಕಿವಿಗೆ ಮಶಿನ್ ಹಾಕಿಸಿದರೆ ಮೊದಲ ಕೆಲವು ವಾರ ಅದು ತಟ್ಟೆ ಲೋಟದ ಸದ್ದನ್ನೂ ಕಿವಿಗೆ ತುಂಬುತ್ತದೆ, ಕಿರಿಕಿರಿ ಆಗುತ್ತದೆ. ಜಾಸ್ತಿ ಜನ ಆಗಲೇ ತೆಗೆದು ಡಬ್ಬಿಯಲ್ಲಿ ಇಟ್ಟುಬಿಡುತ್ತಾರೆ. ದಿನಕ್ಕೆ ಒಂದೆರಡು ಗಂಟೆಯಿಂದ ಶುರುಮಾಡಿ ಅಭ್ಯಾಸ ಮಾಡಿಸಬೇಕು. ಮರೆವಿನ ಕಾಯಿಲೆಗೂ ಕಿವಿ ಮಂದವಾಗುವುದಕ್ಕೂ ನಂಟಿದೆ ಅಂತ ವೈದ್ಯರು ಹೇಳುತ್ತಾರೆ. ಹಾಗಾಗಿ ಇದನ್ನು ಮುಂದೆ ಹಾಕಬೇಡಿ.

ಎರಡನೆಯದು, ಇದ್ದಕ್ಕಿದ್ದಂತೆ ಬಂದ ಬದಲಾವಣೆ. ಇದು ತುಂಬಾ ಮುಖ್ಯ.

ಯುಗಾದಿ ಕಳೆದ ವಾರ, ರಾತ್ರಿ ಎರಡು ಗಂಟೆಗೆ ಅಪ್ಪ ಮುಂಬಾಗಿಲಿನ ಚಿಲಕ ತೆಗೆಯುತ್ತಿದ್ದರು. "ಕೊಟ್ಟಿಗೆ ಬಾಗ್ಲು ತೆಗಿ, ಕರ ಬಿಚ್ಕೊಂಡಿದೆ." ನಾವು ಹಸು ಮಾರಿ ಹತ್ತು ವರ್ಷವಾಗಿತ್ತು. ಬೆಳಿಗ್ಗೆ ಎದ್ದಾಗ ಸರಿ ಇದ್ದರು. ಸಂಜೆ ಮತ್ತೆ ಅದೇ. ಊಟ ಬೇಡ, ಮುಟ್ಟಿದರೆ ಕೋಪ. ಫೋನು ಮಾಡಿದ ನೆಂಟರು ಅದೇ ಹಳೆ ಗಾದೆ ಹೇಳಿದರು. ನಾನೂ ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನದ ಬಗ್ಗೆ ನನಗೆ ಇವತ್ತಿಗೂ ಸಂಕಟ ಇದೆ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರೆ ಮೂತ್ರದ ಸೋಂಕು, ಜೊತೆಗೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ತೀರಾ ಕಡಿಮೆ. ಐದು ದಿನ ವಾರ್ಡಿನಲ್ಲಿದ್ದು, ಬಿಪಿ ಮಾತ್ರೆ ಬದಲಾಯಿಸಿಕೊಂಡು, ಮೊದಲಿನ ಅಪ್ಪನಾಗಿಯೇ ಮನೆಗೆ ಬಂದರು.

ನಮ್ಮ ಹಿರಿಯರು ಇದಕ್ಕೆ ಸನ್ನಿ ಅನ್ನುತ್ತಿದ್ದರು. ವಯಸ್ಸಾದವರ ಮೆದುಳು ದೇಹದ ಸಣ್ಣ ಏರುಪೇರಿಗೂ ಬೇಗ ಕದಡುತ್ತದೆ. ಸೋಂಕು, ನೀರಿನ ಕೊರತೆ, ಸೋಡಿಯಂ ಇಳಿಯುವುದು, ಸಕ್ಕರೆ ಏರುವುದು ಇಳಿಯುವುದು, ಹೊಸ ಮಾತ್ರೆ, ದಿನಗಟ್ಟಲೆ ಮಲಬದ್ಧತೆ, ಇವುಗಳಲ್ಲಿ ಯಾವುದು ಬೇಕಾದರೂ ಕಾರಣವಾಗಬಹುದು. ಮೂತ್ರದ ಸೋಂಕಿದ್ದರೂ ಅವರಿಗೆ ಜ್ವರ ಬರಲೇಬೇಕು ಅಂತಿಲ್ಲ. ವಯಸ್ಸಾದಂತೆ ಬಾಯಾರಿಕೆಯೇ ಕಡಿಮೆ ಆಗುತ್ತದೆ. ಅದರ ಮೇಲೆ ರಾತ್ರಿ ಏಳಬೇಕಾಗುತ್ತೆ ಅಂತ ನೀರನ್ನೇ ಬಿಡುತ್ತಾರೆ. ಅಪ್ಪ ಹಾಗೇ ಮಾಡುತ್ತಿದ್ದರಂತೆ. ಮೂತ್ರ ಹೆಚ್ಚು ಮಾಡುವ ಬಿಪಿ ಮಾತ್ರೆಗಳಿವೆ, ಅವು ಕೆಲವರಲ್ಲಿ ಸೋಡಿಯಂ ಇಳಿಸುತ್ತವೆ.

ಗುರುತು ಹಿಡಿಯುವುದು ಹೀಗೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷ ತೆಗೆದುಕೊಂಡು ಬರುತ್ತದೆ. ಸನ್ನಿ ಗಂಟೆಗಳಲ್ಲಿ, ದಿನಗಳಲ್ಲಿ ಬರುತ್ತದೆ, ಬೆಳಿಗ್ಗೆ ಒಂದು ಥರ ಸಂಜೆ ಒಂದು ಥರ ಇರುತ್ತದೆ. ಮೊನ್ನೆ ಸರಿ ಇದ್ದವರು ಇವತ್ತು ಬೇರೆಯೇ ಮನುಷ್ಯರ ಹಾಗೆ ಆಡುತ್ತಿದ್ದರೆ ಅದು ಸ್ವಭಾವ ಆಗಿರಲು ಸಾಧ್ಯವೇ ಇಲ್ಲ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಿನ್ನುತ್ತಿರುವ ಅಷ್ಟೂ ಮಾತ್ರೆ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ನಿಧಾನವಾಗಿ ಬರುವುದರಲ್ಲೂ ಎಲ್ಲವೂ ಮರೆವಿನ ಕಾಯಿಲೆ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ ಎರಡೂ ಮಂಕು ತರುತ್ತವೆ, ಎರಡಕ್ಕೂ ಮದ್ದಿದೆ. ಕಣ್ಣಿನ ಪೊರೆ ಬೆಳೆದಿದ್ದರೆ ಹೊಸ ಜಾಗದಲ್ಲಿ ಓಡಾಡಲು ಹೆದರಿಕೆ, ಅದಕ್ಕೇ ಎಲ್ಲಿಗೂ ಬರುವುದಿಲ್ಲ ಅನ್ನುತ್ತಾರೆ. ಖಿನ್ನತೆ ವಯಸ್ಸಾದವರಲ್ಲಿ ಅಳುವಾಗಿ ಕಾಣದೆ ಸಿಡುಕಾಗಿ, ಊಟ ಬೇಡ ಮಾತು ಬೇಡ ಅನ್ನುವುದಾಗಿ ಕಾಣಬಹುದು. ಅದಕ್ಕೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಮಾತಾಡಬಹುದು. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಗೊತ್ತಿರುವ ದಾರಿಯಲ್ಲೇ ತಪ್ಪಿಸಿಕೊಳ್ಳುವುದು, ದುಡ್ಡಿನ ಲೆಕ್ಕ ತಪ್ಪುವುದು ಇವೆಲ್ಲ ಕಂಡರೆ ನರರೋಗ ತಜ್ಞರಿಗೆ ಅಥವಾ ಮನೋವೈದ್ಯರಿಗೆ ತೋರಿಸಬೇಕು. ಅಂಥವರ ಜೊತೆ ವಾದ ಮಾಡಿ ಗೆಲ್ಲುವುದರಿಂದ ಏನೂ ಸಿಗುವುದಿಲ್ಲ.

ಇನ್ನು ದೇಹಕ್ಕೆ ಸೇರದ ಭಾಗ. ಅಪ್ಪನ ಹಠದ ದೊಡ್ಡ ಪಾಲು ಇಲ್ಲೇ ಇತ್ತು.

ಐವತ್ತು ವರ್ಷ ಅವರು ಒಂದೇ ಮನೆಯಲ್ಲಿದ್ದವರು. ಕತ್ತಲಲ್ಲೂ ಕೈ ಹಾಕಿದರೆ ಬೆಂಕಿಪೊಟ್ಟಣ ಎಲ್ಲಿದೆ ಅಂತ ಗೊತ್ತು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಸರಿಯಾಗಿ ಬಿತ್ತಾ, ಮುಂಗಾರಿಗೆ ಮುಂಚೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವುದು ಯಾವಾಗ, ಮೈಲುತುತ್ತಕ್ಕೆ ಸುಣ್ಣ ಎಷ್ಟು, ಇದನ್ನೆಲ್ಲ ಅಕ್ಕಪಕ್ಕದವರು ಬಂದು ಕೇಳುತ್ತಿದ್ದರು. ಹಾಸನಕ್ಕೆ ಬಂದ ದಿನದಿಂದ ಅವರನ್ನು ಯಾರೂ ಏನೂ ಕೇಳಿಲ್ಲ. ಊಟದ ಹೊತ್ತು ನಾವು ಹೇಳಿದ್ದು. ಟೀವಿಯಲ್ಲಿ ಮಕ್ಕಳು ಹಾಕಿದ್ದು. ಎಟಿಎಂ ಕಾರ್ಡು ನನ್ನ ಪರ್ಸಿನಲ್ಲಿ, ಕಳೆದುಹೋಗದಿರಲಿ ಅಂತ. ಒಬ್ಬ ಮನುಷ್ಯನ ಕೈಯಲ್ಲಿದ್ದ ಎಲ್ಲ ತೀರ್ಮಾನ ಒಂದೇ ವಾರದಲ್ಲಿ ತೆಗೆದುಕೊಂಡರೆ ಅವನ ಬಳಿ ಉಳಿಯುವುದು 'ಬೇಡ' ಅನ್ನುವ ಒಂದೇ ಮಾತು. ಅಪ್ಪ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

ಅದಕ್ಕೇ 'ಮಕ್ಕಳ ಹಾಗೆ' ಅನ್ನುವ ಮಾತು ನನಗೆ ಇಷ್ಟವಿಲ್ಲ. ಮಗುವಿಗೆ ಇನ್ನೂ ಮನೆ ನಡೆಸಿ ಗೊತ್ತಿಲ್ಲ. ಇವರು ಮನೆ ನಡೆಸಿ, ಆಳು ಕಾಳು ನೋಡಿ, ನಮ್ಮ ಫೀಸು ಕಟ್ಟಿ, ಮದುವೆ ಮಾಡಿ ಬಂದವರು.

ನನ್ನ ಮನೆಯಲ್ಲಿ ಇನ್ನೊಂದು ಗಂಟಿತ್ತು. ಇದು ಮಗಳ ಮನೆ. "ಮಗಳ ಮನೇಲಿ ಎಷ್ಟು ದಿನ ಅಂತ ಕೂತ್ಕಳಾದು? ಜನ ಏನಂತಾರೆ?" ಈ ಮಾತು ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಅಳಿಯಂದಿರು ಬಂದರೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿದ್ದರು. ಎರಡನೇ ಸಲ ಕಾಫಿ ಕೇಳುತ್ತಿರಲಿಲ್ಲ. ತಿಂಗಳ ಮೊದಲ ವಾರ ಐದು ಸಾವಿರ ರೂಪಾಯಿ ಮಡಚಿ ಸಕ್ಕರೆ ಡಬ್ಬಿಯ ಕೆಳಗೆ ಇಡುತ್ತಿದ್ದರು. ನಾನು ಪ್ರತಿ ಸಲ ಬೇಜಾರು ಮಾಡಿಕೊಂಡು ವಾಪಸ್ ಕೊಡುತ್ತಿದ್ದೆ. "ನಿಮ್ಮ ಹತ್ರ ದುಡ್ಡು ತಗೊಳ್ಳೋದಾ?" ಅಂತ. ಪ್ರೀತಿಯಿಂದಲೇ ಹೇಳುತ್ತಿದ್ದೆ. ಆದರೆ ಅವರಿಗೆ ಅದು, ನೀವಿಲ್ಲಿ ನೆಂಟರು, ಇದು ನಿಮ್ಮ ಮನೆ ಅಲ್ಲ ಅಂತ ಕೇಳಿಸುತ್ತಿತ್ತು. ಐದನೇ ತಿಂಗಳು ದುಡ್ಡು ತೆಗೆದುಕೊಂಡೆ. ಹಾಲು ತರಕಾರಿಯ ಲೆಕ್ಕ ಅವರಿಗೇ ಬಿಟ್ಟೆ. ಈಗ ವಾರಕ್ಕೆರಡು ಸಲ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ, ಒಂದೊಂದು ಆಲೂಗಡ್ಡೆಯನ್ನೂ ತಿರುಗಿಸಿ ನೋಡಿ ಆರಿಸಿ ತರುತ್ತಾರೆ. ಆ ತಿಂಗಳೇ ಎರಡು ಪಂಚೆ ಬೀರುವಿಗೆ ಬಂದವು.

ಬೆಳಗಿನ ಜಾವದ ಗಲಾಟೆಯೂ ಹೀಗೇ ಬಗೆಹರಿಯಿತು. ವಯಸ್ಸಾದಂತೆ ಮೈಯೊಳಗಿನ ಗಡಿಯಾರ ಮುಂದಕ್ಕೆ ಸರಿಯುತ್ತದೆ. ರಾತ್ರಿ ಎಂಟಕ್ಕೇ ನಿದ್ದೆ, ನಾಲ್ಕು ನಾಲ್ಕೂವರೆಗೆ ಎಚ್ಚರ. ಒಬ್ಬರೇ ಎದ್ದು ಲೈಟು ಹಾಕಿ, ಕೆಮ್ಮಿ, ಪಾತ್ರೆ ಸದ್ದು ಮಾಡಿ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಹಿತ್ತಲಲ್ಲಿ ಒಂದು ಹಂಡೆ ಒಲೆ ಕಟ್ಟಿಸಿದೆವು. ಹೊಗೆ ಒಳಗೆ ಸುತ್ತದ ಹಾಗೆ, ಗೋಡೆಯಿಲ್ಲದ ತೆರೆದ ಜಾಗದಲ್ಲಿ. ಈಗ ನಾಲ್ಕೂವರೆಗೆ ಎದ್ದು ಉರಿ ಹಾಕುತ್ತಾರೆ. ಸೌದೆ ತರಿಸುವುದು, ಒಡೆಸಿ ಜೋಡಿಸುವುದು ಅವರ ಖಾತೆ. ಆರು ಗಂಟೆಗೆ ಮೊಮ್ಮಕ್ಕಳ ಬಾಗಿಲು ತಟ್ಟಿ "ನೀರು ಕಾದಿದೆ, ಏಳ್ರೋ" ಅನ್ನುತ್ತಾರೆ.

ಎಲ್ಲಕ್ಕೂ ಹೂಂ ಅನ್ನಬೇಕು ಅಂತ ನಾನು ಹೇಳುತ್ತಿಲ್ಲ. ಅಪಾಯ ಯಾವುದು, ನಮಗೆ ಹಿಡಿಸದ್ದು ಯಾವುದು ಅಂತ ಬೇರೆ ಮಾಡಿಕೊಳ್ಳಿ. ಹರಿದ ಬನಿಯನ್ ಹಾಕಿಕೊಳ್ಳುವುದು, ಕೈಯಲ್ಲೇ ಬಟ್ಟೆ ಒಗೆಯುವುದು, ತಂಗಳು ಮುದ್ದೆಗೆ ಮಜ್ಜಿಗೆ ಕಲಸಿ ತಿನ್ನುವುದು ಇವೆಲ್ಲ ನಮಗೆ ಹಿಡಿಸದ್ದು ಅಷ್ಟೆ. ಬಿಟ್ಟುಬಿಡಿ. ಬಚ್ಚಲಲ್ಲಿ ಜಾರುವುದು ಅಪಾಯ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ಓಡಾಡುವುದಿಲ್ಲ. ಮಲಗಿದ್ದವರು ಒಮ್ಮೆಲೆ ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂತು ಏಳಬೇಕು. ರಾತ್ರಿ ದಾರಿಯಲ್ಲಿ ಸಣ್ಣ ಲೈಟು ಇರಲಿ, ಒದ್ದೆ ನೆಲಕ್ಕೆ ಜಾರದ ಮ್ಯಾಟು ಇರಲಿ.

ಬಚ್ಚಲಿಗೆ ಸ್ಟೀಲ್ ಹಿಡಿಕೆ ಹಾಕಿಸೋಣ ಅಂದಾಗ "ನಾನೇನು ರೋಗಿನಾ?" ಅಂದಿದ್ದರು. ನಾನು ತಿಂಗಳು ಸುಮ್ಮನಿದ್ದೆ. ಮೊದಲ 'ಬೇಡ'ಕ್ಕೆ ಅಲ್ಲೇ ವಾದಕ್ಕಿಳಿದರೆ ಅದು ಕಲ್ಲಾಗುತ್ತದೆ. ಬಿಟ್ಟು, ಇನ್ನೊಂದು ದಿನ, ಹೊಟ್ಟೆ ತುಂಬಿದ ಹೊತ್ತಿನಲ್ಲಿ ತೆಗೆದರೆ ಮೆತ್ತಗಾಗಿರುತ್ತದೆ. ಆಮೇಲೆ ಪ್ಲಂಬರ್ ಬಂದ ದಿನ, "ಅಪ್ಪ, ಇದನ್ನು ಎಷ್ಟು ಎತ್ತರಕ್ಕೆ ಹಾಕಿಸಬೇಕು, ನೀವೇ ನಿಂತು ಹೇಳಿ" ಅಂದೆ. ಅರ್ಧ ಗಂಟೆ ನಿಂತು, ಕೈ ಚಾಚಿ ಅಳತೆ ಕೊಟ್ಟು, ಅವನು ತೂತು ಹೊಡೆದಿದ್ದು ಅರ್ಧ ಇಂಚು ಓರೆ ಅಂತ ಬೈದು, ಸರಿ ಮಾಡಿಸಿದರು. ಈಗ ಅದನ್ನು ಹಿಡಿದೇ ಏಳುತ್ತಾರೆ.

ಕೋಲಿನ ವಿಷಯ ಹಾಗೇ ಉಳಿದಿದೆ. ಬುದ್ಧಿ ಸರಿ ಇರುವ ಮನುಷ್ಯ, ಅಪಾಯ ಪೂರ್ತಿ ತಿಳಿದ ಮೇಲೂ ಬೇಡ ಅಂದರೆ ಅದು ಅವರ ಹಕ್ಕು. ನನಗೆ ಭಯವಾಗುತ್ತದೆ, ಅದನ್ನು ಅವರಿಗೆ ಹೇಳಿದ್ದೇನೆ. ಅಷ್ಟೇ ನನ್ನ ಕೈಯಲ್ಲಿರುವುದು.

ಕಾಗದ ಪತ್ರದ ಹಠಕ್ಕೆ ಬೇರೆ ಕಾರಣ ಇರುತ್ತದೆ. ಸಹಿ ಅಂದರೆ ಸಾಕು, ಅಪ್ಪ ಪೆನ್ನು ಮುಟ್ಟುತ್ತಿರಲಿಲ್ಲ. ಬ್ಯಾಂಕಿನ ನಾಮಿನಿ ಫಾರಂಗೂ ಇಲ್ಲ. ಊರಲ್ಲಿ ತೋಟ ಬರೆದುಕೊಟ್ಟು ಆಮೇಲೆ ಜಗಲಿಗೆ ಬಿದ್ದವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ಈ ಭಯಕ್ಕೆ ಆಣೆ ಪ್ರಮಾಣ ಮದ್ದಲ್ಲ, ಕಾನೂನು ಏನಿದೆ ಅಂತ ಕೂರಿಸಿಕೊಂಡು ಹೇಳುವುದು ಮದ್ದು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂತು. ತಮ್ಮನ್ನು ತಾವು ನೋಡಿಕೊಳ್ಳಲು ಆಗದ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು. ಮಗನಷ್ಟೇ ಮಗಳೂ ಹೊಣೆ. ಅರ್ಜಿ ಕೊಡುವುದು ಉಪವಿಭಾಗಾಧಿಕಾರಿಗೆ. ಹಾಸನ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ ಎರಡೂ ಕಡೆ ಆ ಕಚೇರಿ ಇದೆ. ಚಿಕ್ಕಮಗಳೂರು ಜಿಲ್ಲೆಯವರಿಗೆ ಚಿಕ್ಕಮಗಳೂರು ಮತ್ತು ತರೀಕೆರೆಯಲ್ಲಿ. ನೋಟಿಸ್ ಕೊಟ್ಟ 90 ದಿನದೊಳಗೆ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಅಂತ ಅದರಲ್ಲಿ ಮಿತಿ ಇದೆ.

ಆಸ್ತಿಗೆ ಮುಖ್ಯವಾದುದು ಇದರ 23ನೇ ಸೆಕ್ಷನ್. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತು ಅನ್ನುವುದನ್ನು ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ, ಇದು ಹಿರಿಯರ ಒಳಿತಿಗೆ ಇರುವ ಕಾನೂನು, ಅವರ ಪರವಾಗಿ ಉದಾರವಾಗಿ ಓದಬೇಕು ಅಂತ ಹೇಳಿತು. ನಮಗೆ ಅರ್ಥವಾಗಬೇಕಾದ್ದು ಇಷ್ಟು: ದಾನಪತ್ರ ಮಾಡುವುದೇ ಆದರೆ ಷರತ್ತನ್ನು ಪತ್ರದೊಳಗೇ ಸ್ಪಷ್ಟವಾಗಿ ಬರೆಸಬೇಕು. ನನ್ನನ್ನು ಕೇಳಿದರೆ ವಿಲ್ ವಾಸಿ. ಬದುಕಿರುವಷ್ಟು ದಿನ ಆಸ್ತಿ ಬರೆದವರದ್ದೇ, ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು. ಇದನ್ನು ತಮ್ಮನನ್ನೂ ಕೂರಿಸಿಕೊಂಡು ಅಪ್ಪನಿಗೆ ಹೇಳಿದ ಮೇಲೆ ನಾಮಿನಿ ಫಾರಂಗೆ ತಾವೇ ಪೆನ್ನು ಕೇಳಿದರು. ಬೇರೆ ಯಾವುದೇ ತೊಂದರೆಗೆ ಹಿರಿಯರ ಸಹಾಯವಾಣಿ 14567 ಇದೆ. ಆ ನಂಬರನ್ನು ಅವರ ಫೋನಿಗೆ ನಾನೇ ಹಾಕಿಕೊಟ್ಟಿದ್ದೇನೆ. ನನ್ನ ಮೇಲೆಯೇ ದೂರು ಕೊಡಬೇಕಾದರೂ ಅದು ಅವರ ಬಳಿ ಇರಲಿ.

ಒಡಹುಟ್ಟಿದವರಿಗೆ ಒಂದು ಮಾತು. ದೂರದಲ್ಲಿರುವವರು ಫೋನಿನಲ್ಲಿ ಸಲಹೆ ಕೊಡುವುದಕ್ಕಿಂತ ತಿಂಗಳಿಗೆ ಎರಡು ದಿನ ಬಂದು ಇದ್ದರೆ, ನೋಡಿಕೊಳ್ಳುವವರು ಉಸಿರು ತೆಗೆದುಕೊಳ್ಳುತ್ತಾರೆ. ನನ್ನ ತಮ್ಮ ಈಗ ಬರುತ್ತಾನೆ. ಅಪ್ಪ ಅವನ ಹತ್ತಿರ ನನ್ನ ಮೇಲೆ ದೂರು ಹೇಳುತ್ತಾರೆ. ಹೇಳಲಿ.

ಈ ಡಿಸೆಂಬರಿನಲ್ಲಿ ಅರೇಬಿಕಾ ಕೊಯ್ಲಿಗೆ ಅಪ್ಪ ಊರಿಗೆ ಹೋದರು. ಕಳೆದ ವರ್ಷ ನಾನು ಬಿಟ್ಟಿರಲಿಲ್ಲ, ಆ ಇಡೀ ತಿಂಗಳು ಮನೆಯಲ್ಲಿ ಮಾತಿರಲಿಲ್ಲ. ಈ ಸಲ ಒಪ್ಪಂದ ಮಾಡಿಕೊಂಡೆವು. ಬೆಳಿಗ್ಗೆ ಸಂಜೆ ಫೋನು. ರಾತ್ರಿ ಪಕ್ಕದ ಮನೆಯ ಹುಡುಗ ಬಂದು ಮಲಗುತ್ತಾನೆ. ಅಂಗಳದ ಪಾಚಿ ಉಜ್ಜಿಸಿ, ನನ್ನ ಕಣ್ಣಾರೆ ನೋಡಿ ಬಂದೆ. ಮಾತ್ರೆಯ ಡಬ್ಬಿಯಲ್ಲಿ ಹತ್ತು ದಿನದ್ದು ಹಾಕಿಕೊಟ್ಟೆ. ಮರ ಹತ್ತಲ್ಲ ಅಂತ ಅವರೇ ಹೇಳಿದರು, ನಾನು ಕೇಳುವ ಮುಂಚೆ.

ಹನ್ನೆರಡನೇ ದಿನ ಬಸ್ಸಿನಲ್ಲಿ ಒಬ್ಬರೇ ಬಂದಿಳಿದರು. ಎರಡು ದಿನ ತಡ. ಬ್ಯಾಗಿನ ತುಂಬಾ ತೋಟದ ಕಿತ್ತಳೆ, ಮೇಲೆ ಎರಡೇ ಎರಡು ಪಂಚೆ. ಕಿತ್ತಳೆಯನ್ನು ಮೊರಕ್ಕೆ ಸುರಿದು, ಪಂಚೆಗಳನ್ನು ಬೀರುವಿನಲ್ಲಿಟ್ಟು, ಖಾಲಿ ಬ್ಯಾಗನ್ನು ಮತ್ತೆ ಮಂಚದ ಕೆಳಗೇ ತಳ್ಳಿದರು. "ಫೆಬ್ರವರಿಗೆ ಮೆಣಸು ಕೊಯ್ಲಿದೆ" ಅಂದರು. ನಾನು ಕ್ಯಾಲೆಂಡರ್ ತಂದು ಕೊಟ್ಟೆ, ಯಾವ ತಾರೀಕು ಅಂತ ಅವರೇ ಗುರುತು ಹಾಕಲಿ ಅಂತ.